ವಿಪತ್ತಿನ ನಂತರ ಮನಸ್ಸಿಗೆ ಆಸರೆ: ಒತ್ತಡ ನಿವಾರಣೆ ಕಾರ್ಯಕ್ರಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪರಿಹಾರ ಶಿಬಿರ, ಶಾಲೆ, ಜೈಲುಗಳಲ್ಲಿ ಒತ್ತಡ ನಿವಾರಣೆ ಕಾರ್ಯಕ್ರಮ ನಡೆಸುತ್ತಿರುವವರು ಮತ್ತು ನಡೆಸಬೇಕೆಂದಿರುವವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ. ಸರಳವಾದವು ಮೊದಲು, ಅನುಭವ ಬೇಡುವವು ಆಮೇಲೆ.

## ಮೊದಲ ತಿಳಿವಳಿಕೆ

ಮನೆ ಕಳೆದುಕೊಂಡು ಕೂತವರಿಗೆ ಅನ್ನ, ನೀರು, ಸೂರು ಬೇಕು. ಅಲ್ಲಿಗೆ ಹೋಗಿ ‘ನಿಧಾನ ಉಸಿರಾಡಿ’ ಅನ್ನೋದು ಅನ್ಯಾಯ ಅಲ್ವಾ?

ಅನ್ನ, ನೀರು, ಸೂರು ಒದಗುವ ಮೊದಲು ಉಸಿರಾಟವನ್ನಷ್ಟೇ ಹೇಳಿಕೊಟ್ಟರೆ ಖಂಡಿತ ಅನ್ಯಾಯವೇ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ದೊಡ್ಡ ನೆರವು ಸಂಸ್ಥೆಗಳೂ ಸೇರಿರುವ ಅಂತರ-ಸಂಸ್ಥಾ ಸ್ಥಾಯಿ ಸಮಿತಿ 2007ರಲ್ಲಿ ಹೊರತಂದ ಮಾರ್ಗಸೂಚಿ ಮನಸ್ಸಿನ ಆರೈಕೆಯನ್ನು ನಾಲ್ಕು ಹಂತದ ಪಿರಮಿಡ್ಡಾಗಿ ತೋರಿಸುತ್ತದೆ. ತಳದಲ್ಲಿ ಮೂಲ ಸೌಕರ್ಯ ಮತ್ತು ಸುರಕ್ಷತೆ, ಅದರ ಮೇಲೆ ಕುಟುಂಬ ಮತ್ತು ಸಮುದಾಯದ ಆಸರೆ, ಮೂರನೆಯದಾಗಿ ತರಬೇತಿ ಪಡೆದ ಕಾರ್ಯಕರ್ತರ ನೆರವು, ತುದಿಯಲ್ಲಿ ತಜ್ಞರ ಚಿಕಿತ್ಸೆ.

ತಳದ ಹಂತ ಬೇರೆ ಇಲಾಖೆಯ ಕೆಲಸ ಎಂದು ಕೈಬಿಡಬೇಡಿ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕಾಣೆಯಾದವರ ಪಟ್ಟಿ ಯಾರ ಬಳಿ ಇದೆ, ರಾತ್ರಿ ಶೌಚಾಲಯದ ದಾರಿಯಲ್ಲಿ ದೀಪ ಉರಿಯುತ್ತದೆಯೇ – ಇಷ್ಟು ಗೊತ್ತಾದರೆ ಸಾಕು, ಬಹಳ ಜನರ ಎದೆ ಬಡಿತ ಇಳಿಯುತ್ತದೆ. ಮಲಗಲು ಜಾಗ ಸಿಕ್ಕಿ, ಮನೆಯವರ ಸುಳಿವು ಗೊತ್ತಾಗುವವರೆಗೆ ಗುಂಪು ತರಗತಿ ಬೇಡ. ಅಲ್ಲಿಯವರೆಗೆ ನಿಮ್ಮ ತಂಡದ ಕೆಲಸ ಸರಿಯಾದ ಮಾಹಿತಿಯನ್ನು ಕಲೆಹಾಕಿ ಜನರಿಗೆ ಮುಟ್ಟಿಸುವುದು.

ಇಂಥ ಅನಾಹುತ ಕಂಡವರಿಗೆಲ್ಲ ಚಿಕಿತ್ಸೆ ಬೇಕೇ ಬೇಕಲ್ವಾ?

ಬೇಡ. ನಿದ್ದೆ ಬಾರದಿರುವುದು, ಸದ್ದಿಗೆ ಬೆಚ್ಚುವುದು, ಏನೂ ಅನಿಸದೆ ಮರಗಟ್ಟಿ ಕೂರುವುದು, ಸಣ್ಣದಕ್ಕೂ ಸಿಡುಕುವುದು ಇವೆಲ್ಲ ಅಪಾಯ ಕಂಡ ದೇಹದ ಸಹಜ ವರ್ತನೆ. ಹೆಚ್ಚಿನವರಲ್ಲಿ ಆಸರೆ ಸಿಕ್ಕಂತೆ ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಹೆಸರಿಡಲು ವೈದ್ಯರೇ ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದಿವೆಯೇ ಎಂದು ನೋಡುತ್ತಾರೆ. ಹಾಗಾಗಿ ಮೊದಲ ವಾರದಲ್ಲೇ ಕಂಡಕಂಡವರನ್ನು ‘ಆಘಾತಕ್ಕೊಳಗಾದವರು’ ಎಂದು ಕರೆಯುವುದು ತಪ್ಪು. ಕೇಳಿಸಿಕೊಂಡವರು ತಾವು ಕೆಟ್ಟುಹೋದೆವು ಎಂದೇ ನಂಬಿಬಿಡುತ್ತಾರೆ.

ಚಿಕಿತ್ಸೆ ಬೇಕಾದವರೂ ಇದ್ದೇ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹಿಂದಿನ 10 ವರ್ಷಗಳಲ್ಲಿ ಯುದ್ಧ ಅಥವಾ ಸಂಘರ್ಷ ಕಂಡ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ, ಆತಂಕ ಮೊದಲಾದ ಯಾವುದಾದರೂ ಮಾನಸಿಕ ಸಮಸ್ಯೆ ಇರುತ್ತದೆ. ಅವರನ್ನು ಗುರುತಿಸಿ ವೈದ್ಯರವರೆಗೆ ಮುಟ್ಟಿಸುವುದು ಒಳ್ಳೆಯ ಕಾರ್ಯಕ್ರಮದ ಅರ್ಧ ಕೆಲಸ.

ಒತ್ತಡ ಇಳಿಸೋದಕ್ಕೂ ಮಾನವೀಯ ಮೌಲ್ಯಗಳಿಗೂ ಏನು ಸಂಬಂಧ? ಉಪದೇಶ ಮಾಡ್ತೀರಾ?

ಉಪದೇಶ ಮಾಡುವ ಕಾರ್ಯಕ್ರಮದಿಂದ ದೂರವಿರಿ ಎಂದೇ ನಾವು ಹೇಳುತ್ತೇವೆ. ಎಲ್ಲ ಕಳೆದುಕೊಂಡವರ ಎದುರು ನಿಂತು ಸಹನೆ, ಕ್ಷಮೆಗಳ ಬಗ್ಗೆ ಭಾಷಣ ಮಾಡುವುದು ಗಾಯದ ಮೇಲೆ ಬರೆ ಎಳೆದಂತೆ.

ಸಂಬಂಧ ಇರುವುದು ಎರಡು ಕಡೆ. ಒಂದು, ನಡೆಸುವವರ ನಡತೆಯಲ್ಲಿ: ಕೇಳಿ ಮುಟ್ಟುವುದು, ಹೇಳಿದ ಹೊತ್ತಿಗೆ ಬರುವುದು, ಮಾತು ಕೊಟ್ಟರೆ ಉಳಿಸಿಕೊಳ್ಳುವುದು, ಗುಟ್ಟನ್ನು ಗುಟ್ಟಾಗಿ ಇಡುವುದು. ಇನ್ನೊಂದು, ಬಂದವರ ಸ್ವಂತ ಮೌಲ್ಯಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸಚಿತ್ರ ಒತ್ತಡ ನಿರ್ವಹಣೆ ಕೈಪಿಡಿಯ ಐದು ಭಾಗಗಳಲ್ಲಿ ಒಂದು ಇಡಿಯಾಗಿ ಇದಕ್ಕೇ ಮೀಸಲು. ‘ನಿಮಗೆ ಎಂಥ ಮನುಷ್ಯರಾಗಿ ಬಾಳಬೇಕೆನಿಸುತ್ತದೆ?’ ಎಂದು ಕೇಳಿ, ಆ ದಿಕ್ಕಿನಲ್ಲಿ ಈ ವಾರ ಮಾಡಬಹುದಾದ ಅತಿ ಚಿಕ್ಕ ಕೆಲಸವೊಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ‘ಕಾಳಜಿಯುಳ್ಳವಳಾಗಿರಬೇಕು’ ಎಂದ ಹೆಂಗಸು ಪಕ್ಕದ ಗುಡಾರದ ಮುದುಕರನ್ನು ದಿನಕ್ಕೊಮ್ಮೆ ಮಾತಾಡಿಸಬಹುದು. ಎಲ್ಲ ಕೈತಪ್ಪಿದೆ ಎನಿಸಿದಾಗಲೂ ಇದೊಂದು ಅವರ ಕೈಯಲ್ಲೇ ಇರುತ್ತದೆ. ಯಾವ ಮೌಲ್ಯ ಮುಖ್ಯ ಎಂದು ಆರಿಸುವವರು ಅವರು, ನಾವಲ್ಲ.

ನಾನು ಮನಶ್ಶಾಸ್ತ್ರ ಓದಿದವಳಲ್ಲ. ನನ್ನಂಥವರು ಸೇರಬಹುದಾ?

ಸೇರಬಹುದು. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಶುರುಮಾಡಿದ ‘ಫ್ರೆಂಡ್‌ಶಿಪ್ ಬೆಂಚ್’ನಲ್ಲಿ ತರಬೇತಿ ಪಡೆದ ಅಜ್ಜಿಯರು ಕ್ಲಿನಿಕ್‌ನ ಹೊರಗಿನ ಬೆಂಚಿನ ಮೇಲೆ ಕೂತು, ಬಂದವರ ಸಮಸ್ಯೆಗಳನ್ನು ಬಿಡಿಸಲು ನೆರವಾಗುತ್ತಾರೆ. 2016ರಲ್ಲಿ ಪ್ರಕಟವಾದ ಪರೀಕ್ಷಾ ಅಧ್ಯಯನದಲ್ಲಿ, ಮಾಮೂಲಿ ಆರೈಕೆ ಪಡೆದವರಿಗಿಂತ ಬೆಂಚಿಗೆ ಬಂದವರಲ್ಲಿ ಖಿನ್ನತೆ, ಆತಂಕಗಳ ಲಕ್ಷಣ ಹೆಚ್ಚು ತಗ್ಗಿದ್ದವು. ಆದರೆ ಆ ಅಜ್ಜಿಯರಿಗೆ ತರಬೇತಿಯೂ ಇತ್ತು, ಕೇಳಲು ಮೇಲ್ವಿಚಾರಕರೂ ಇದ್ದರು. ಒಳ್ಳೆಯ ಮನಸ್ಸೊಂದಿದ್ದರೆ ಸಾಕು ಎಂದು ತರಬೇತಿಯಿಲ್ಲದೆ ಕಳಿಸುವ ಸಂಸ್ಥೆ ನಿಮಗೂ ಜನರಿಗೂ ಹಾನಿ ಮಾಡುತ್ತದೆ. ಇತ್ತೀಚೆಗೆ ಸ್ವತಃ ದೊಡ್ಡ ಸಾವುನೋವು ಕಂಡಿದ್ದರೆ ಸದ್ಯಕ್ಕೆ ನೇರ ಸಂಪರ್ಕದ ಕೆಲಸ ಬಿಟ್ಟು ದಾಸ್ತಾನು, ನೋಂದಣಿಯಂಥ ಕೆಲಸ ಕೇಳಿಕೊಳ್ಳಿ.

## ಜನರ ನಡುವೆ

ಅಳ್ತಾ ಕೂತಿರೋರ ಹತ್ತಿರ ಹೋಗಿ ಏನಂತ ಮಾತಾಡಿಸಬೇಕು? ಬಾಯೇ ಬರಲ್ಲ.

ಬಹಳ ಮಾತು ಬೇಕಿಲ್ಲ. ಸಂಕಟದಲ್ಲಿರುವವರಿಗೆ ತಕ್ಷಣ ಕೊಡುವ ಆಸರೆಯನ್ನು ಮಾನಸಿಕ ಪ್ರಥಮ ಚಿಕಿತ್ಸೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇತರರೊಂದಿಗೆ 2011ರಲ್ಲಿ ಹೊರತಂದ ಅದರ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡು, ಕೇಳಿಸಿಕೋ, ಜೋಡಿಸು.

ನೋಡುವುದು ಎಂದರೆ ಜಾಗ ಸುರಕ್ಷಿತವೇ, ಗಾಯವಾಗಿದೆಯೇ, ಜತೆಗೆ ಯಾರಿದ್ದಾರೆ ಎಂದು ಮೊದಲು ಗಮನಿಸುವುದು. ಆಮೇಲೆ ಅವರ ಕಣ್ಣಿನ ಮಟ್ಟಕ್ಕೆ ಕೂತು, ಹೆಸರೂ ಸಂಸ್ಥೆಯೂ ಹೇಳಿ, ‘ಇಲ್ಲಿ ಸ್ವಲ್ಪ ಹೊತ್ತು ಕೂರಲೇ?’ ಎಂದು ಕೇಳಿ. ಬೇಡವೆಂದರೆ ನೀವು ಎಲ್ಲಿ ಸಿಗುತ್ತೀರಿ ಎಂದು ತಿಳಿಸಿ ಎದ್ದುಬನ್ನಿ. ಒಪ್ಪಿದರೆ ‘ಈಗ ನಿಮಗೆ ಏನು ಬೇಕಾಗಿದೆ?’ ಎಂಬ ಒಂದೇ ಪ್ರಶ್ನೆ ಸಾಕು. ಮೌನವಾಗಿದ್ದರೆ ನೀವೂ ಮೌನವಾಗಿರಿ. ಆ ಮೌನವನ್ನು ತುಂಬಲು ಹೋಗುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಜೋಡಿಸುವುದು ಎಂದರೆ ವೈದ್ಯರು, ನೆಂಟರು, ಪಡಿತರ, ದಾಖಲೆ ಹೀಗೆ ಬೇಕಾದ ಕಡೆಗೆ ದಾರಿ ಮಾಡಿಕೊಡುವುದು.

‘ಎಲ್ಲ ಒಳ್ಳೆಯದಕ್ಕೇ’, ‘ಜೀವ ಉಳಿಯಿತಲ್ಲ, ಪುಣ್ಯ’, ‘ನಿಮ್ಮ ನೋವು ನನಗೆ ಅರ್ಥವಾಗುತ್ತೆ’, ‘ಗಟ್ಟಿಯಾಗಿರಿ, ಅಳಬೇಡಿ’ – ಈ ನಾಲ್ಕನ್ನು ಆಡಲೇಬೇಡಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ವಿಚಾರಿಸಿ ಸಂಜೆ ಬಂದು ಹೇಳ್ತೀನಿ’ ಎನ್ನಿ. ಸಂಜೆ ತಪ್ಪದೆ ಹೋಗಿ.

ಒಂದು ಗಂಟೆ ತರಗತಿ ಅಂದ್ರೆ ಯಾವ ಕ್ರಮದಲ್ಲಿ ನಡೆಸೋದು?

10ರಿಂದ 15 ಜನರ ಗುಂಪು, ಇಬ್ಬರು ನಡೆಸುವವರು. ಒಬ್ಬರು ಹೇಳಿಕೊಡುವಾಗ ಇನ್ನೊಬ್ಬರು ಬಾಗಿಲ ಬಳಿ ಕೂತು, ಎದ್ದುಹೋದವರ ಜತೆ ಹೋಗಬೇಕು. ಎಲ್ಲರಿಗೂ ಬಾಗಿಲು ಕಾಣುವಂತೆ ಅರ್ಧವೃತ್ತದಲ್ಲಿ ಕೂರಿಸಿ.

ಮೊದಲ 10 ನಿಮಿಷ ಪರಿಚಯ ಮತ್ತು ಒಪ್ಪಂದ: ಯಾವಾಗ ಬೇಕಾದರೂ ಎದ್ದುಹೋಗಬಹುದು, ಯಾರೂ ತಮ್ಮ ಕಥೆ ಹೇಳಲೇಬೇಕಿಲ್ಲ, ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಮುಂದಿನ 10 ನಿಮಿಷ ಒತ್ತಡ ದೇಹದಲ್ಲಿ ಏನು ಮಾಡುತ್ತದೆ ಎಂಬ ಸರಳ ವಿವರಣೆ. ಆಮೇಲೆ 10 ನಿಮಿಷ ಭುಜ, ಕುತ್ತಿಗೆ, ಕೈಕಾಲುಗಳ ಹಗುರ ಚಲನೆ. ದಿನಗಟ್ಟಲೆ ಬಿಗಿದ ಮೈಯನ್ನು ಒಮ್ಮೆಗೇ ಸುಮ್ಮನೆ ಕೂರಿಸಿದರೆ ಚಡಪಡಿಕೆ ಹೆಚ್ಚುತ್ತದೆ. 10 ನಿಮಿಷ ನಿಧಾನ ಉಸಿರಾಟ, ಹೇಳಿಕೊಡುವ ಹೊತ್ತೂ ಸೇರಿ. 15 ನಿಮಿಷ ಇಬ್ಬಿಬ್ಬರ ಮಾತು: ‘ಈ ವಾರ ನಿಮಗೆ ಆಸರೆಯಾದದ್ದು ಯಾವುದು?’ ಕೊನೆಯ 5 ನಿಮಿಷ ಮುಂದಿನ ಸಲದ ಹೊತ್ತು, ಸ್ಥಳ ತಿಳಿಸಲು. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ. ನಿಜವಾಗಿ ನೆರವು ಬೇಕಾದವರು ಬಂದು ಮಾತಾಡಿಸುವುದು ಆಗಲೇ.

ಒಂದೇ ಸಲ ನಡೆಸಿ ಹೋಗುವ ತರಗತಿಯಿಂದ ಹೆಚ್ಚು ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ‘ಸೆಲ್ಫ್ ಹೆಲ್ಪ್ ಪ್ಲಸ್’ ಎಂಬ ಒತ್ತಡ ನಿರ್ವಹಣೆ ಕಾರ್ಯಕ್ರಮ 5 ಸೆಷನ್‌ಗಳದು. ಧ್ವನಿಮುದ್ರಿಕೆಯ ಮೂಲಕ ನಡೆಯುವುದರಿಂದ 30 ಜನರವರೆಗಿನ ಗುಂಪಿಗೂ ಒಗ್ಗುತ್ತದೆ; ಉಗಾಂಡಾದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಮಹಿಳೆಯರೊಂದಿಗೆ ನಡೆಸಿದ ಪರೀಕ್ಷೆಯಲ್ಲಿ ಅವರ ಮಾನಸಿಕ ಸಂಕಟವನ್ನು ತಗ್ಗಿಸಿತ್ತು.

ನಿಧಾನ ಉಸಿರಾಟ ಮಾಡಿಸುವಾಗ ಕೆಲವರಿಗೆ ತಲೆ ಸುತ್ತುತ್ತೆ, ಬೆರಳು ಜುಮ್ ಅನ್ನುತ್ತೆ. ಎಲ್ಲಿ ತಪ್ಪಾಗ್ತಿದೆ?

‘ದೀರ್ಘವಾಗಿ, ಎದೆ ತುಂಬ ಎಳೆದುಕೊಳ್ಳಿ’ ಎಂಬ ಸೂಚನೆಯಲ್ಲಿ. ಆತಂಕದಲ್ಲಿರುವವರು ಅದನ್ನು ಕೇಳಿ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆದು ಬಿಡುತ್ತಾರೆ. ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾಗಿ ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ. ಗಾಬರಿಯಾದವರು ಇನ್ನೂ ಜೋರಾಗಿ ಉಸಿರಾಡುತ್ತಾರೆ.

ಉಸಿರು ದೊಡ್ಡದಾಗುವುದು ಬೇಡ, ನಿಧಾನವಾದರೆ ಸಾಕು. ಮೊದಲು ಉಸಿರನ್ನು ಬಿಡುವುದರಿಂದ ಶುರುಮಾಡಿ. ಬಾಯಿ ಮುಚ್ಚಿ ಮೂಗಿನಿಂದ 4 ಎಣಿಸುವವರೆಗೆ ಮೆಲ್ಲಗೆ ಒಳಕ್ಕೆ, 6 ಎಣಿಸುವವರೆಗೆ ಹೊರಕ್ಕೆ, ಪ್ರತಿ ಎಣಿಕೆ ಸುಮಾರು ಒಂದು ಸೆಕೆಂಡ್. ನಿಮಿಷಕ್ಕೆ 6 ಉಸಿರಾಗುತ್ತದೆ. ಹೊಟ್ಟೆ ಏಳಬೇಕು, ಭುಜ ಏಳಬಾರದು. ಹೊರಬಿಡುವ ಉಸಿರು ಉದ್ದವಾದಾಗ ಮೆದುಳಿನಿಂದ ಹೃದಯಕ್ಕೆ ಹೋಗಿ ಬಡಿತವನ್ನು ತಗ್ಗಿಸುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತಗ್ಗುತ್ತದೆ. ಗುಣ ಇರುವುದು ಅಲ್ಲೇ. 4–6 ಕಷ್ಟವೆನಿಸಿದವರಿಗೆ 3–4 ಹೇಳಿ. ಉಸಿರು ಕಟ್ಟಿಹಿಡಿಯಲು ಹೇಳಬೇಡಿ. ತಲೆ ಸುತ್ತಿದರೆ ಎಣಿಕೆ ಬಿಟ್ಟು ಮಾಮೂಲಿನಂತೆ ಉಸಿರಾಡಲಿ, ಎರಡು ಪಾದಗಳನ್ನೂ ನೆಲಕ್ಕೆ ಒತ್ತಲಿ. ಆರಂಭದಲ್ಲಿ 3 ನಿಮಿಷ ಸಾಕು, ಬರಬರುತ್ತ 5ರಿಂದ 10 ನಿಮಿಷ.

ಕಣ್ಣು ಮುಚ್ಚಿ ಅಂದ ತಕ್ಷಣ ಕೆಲವರು ನಡುಗೋಕೆ ಶುರುಮಾಡ್ತಾರೆ. ಆಗ?

ಕಣ್ಣು ಮುಚ್ಚಿದೊಡನೆ ಕಂಡದ್ದೆಲ್ಲ ಮರುಕಳಿಸುವವರಿದ್ದಾರೆ. ಆದ್ದರಿಂದ ‘ಕಣ್ಣು ಮುಚ್ಚಿ’ ಎನ್ನದೆ ‘ನೆಲದ ಮೇಲೆ ಒಂದು ಜಾಗ ನೋಡುತ್ತಿರಿ, ಇಷ್ಟವಿದ್ದವರು ಕಣ್ಣು ಮುಚ್ಚಬಹುದು’ ಎನ್ನಿ. ನಡುಕ ಬಂದವರ ಎದುರು ಕೂತು, ಮುಟ್ಟದೆ, ತಗ್ಗಿದ ದನಿಯಲ್ಲಿ ಅವರ ಹೆಸರು ಹಿಡಿದು ಕರೆಯಿರಿ. ಕಾಣುವ ಐದು ವಸ್ತು, ಕೇಳುವ ಮೂರು ಸದ್ದು ಹೇಳಲು ಕೇಳಿ. ಕೈಗೆ ನೀರಿನ ಲೋಟ ಕೊಟ್ಟು ಅದರ ತಂಪು ಗಮನಿಸಲು ಹೇಳಿ. ‘ಇವತ್ತು ಇಂಥ ವಾರ, ನೀವು ಇಂಥ ಕಡೆ ಇದ್ದೀರಿ, ನಾನು ಇಂಥವಳು’ ಎಂದು ನೆನಪಿಸಿ. ಏನು ನೆನಪಾಯಿತು ಎಂದು ಆಗ ಕೆದಕಬೇಡಿ.

ವೇಗದ ಉಸಿರಾಟದ ಅಭ್ಯಾಸಗಳಿಂದ ಬೇಗ ಹಗುರ ಅನ್ಸುತ್ತಲ್ಲ, ಅದನ್ನೇ ಮಾಡಿಸಬಾರದಾ?

ಅಪರಿಚಿತರ ಶಿಬಿರದಲ್ಲಿ ಬೇಡ ಎನ್ನುವುದೇ ನಮ್ಮ ನಿಲುವು. ಗರ್ಭಿಣಿಯರು, ಅಪಸ್ಮಾರ, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಹೃದ್ರೋಗ ಇರುವವರು, ಪದೇ ಪದೇ ಗಾಬರಿಯ ದಾಳಿಗೆ ಒಳಗಾಗುವವರು, ಮನೋವಿಕಲತೆ ಅಥವಾ ಉನ್ಮಾದದ ಹಿನ್ನೆಲೆಯವರು ಇಂಥ ಅಭ್ಯಾಸದಿಂದ ದೂರವಿರಬೇಕು. ಪ್ರತಿಯೊಬ್ಬರ ಆರೋಗ್ಯವನ್ನೂ ಏಕಾಂತದಲ್ಲಿ ವಿಚಾರಿಸಲು ಶಿಬಿರದಲ್ಲಿ ಅನುಕೂಲವಿರುವುದಿಲ್ಲ, ಸಾಲಾಗಿ ಕೂರಿಸಿ ಎಲ್ಲರೆದುರು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.

ಮಕ್ಕಳಿಗೆ ಬೇರೆ ಕಾರ್ಯಕ್ರಮ ಬೇಕಾ?

ಬೇಕು. ಮಕ್ಕಳು ಸಂಕಟವನ್ನು ಮಾತಿಗಿಂತ ನಡತೆಯಲ್ಲಿ ತೋರಿಸುತ್ತಾರೆ: ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮರಳುತ್ತದೆ, ಅಮ್ಮನ ಸೆರಗು ಬಿಡುವುದಿಲ್ಲ, ಕಂಡ ಘಟನೆಯನ್ನೇ ಮತ್ತೆ ಮತ್ತೆ ಆಟವಾಡುತ್ತಾರೆ. ಗದರಬಾರದೆಂದು ಹೆತ್ತವರಿಗೆ ತಿಳಿಸುವುದು ಮೊದಲ ಕೆಲಸ. ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಮುಖ. ಓಟ, ಹಾಡು, ಚಿತ್ರ. ಉಸಿರಾಟ ಕಲಿಸಲು ಸೋಪಿನ ಗುಳ್ಳೆ ಊದಿಸಿ, ದೊಡ್ಡ ಗುಳ್ಳೆಗೆ ನಿಧಾನ ಉಸಿರೇ ಬೇಕು. ಸತ್ತವರನ್ನು ‘ಮಲಗಿದ್ದಾರೆ’ ಎನ್ನಬೇಡಿ, ಮಗು ನಿದ್ದೆಗೇ ಹೆದರತೊಡಗುತ್ತದೆ. ‘ಸತ್ತುಹೋಗಿದ್ದಾರೆ, ತಿರುಗಿ ಬರುವುದಿಲ್ಲ, ಇದರಲ್ಲಿ ನಿನ್ನ ತಪ್ಪಿಲ್ಲ’ ಎಂದು ಮಗು ನಂಬಿರುವವರ ಬಾಯಿಂದಲೇ ಹೇಳಿಸಿ.

## ಕಷ್ಟದ ಸಂದರ್ಭಗಳು

ನಡೆದದ್ದನ್ನೆಲ್ಲ ಒಂದು ಸಲ ಬಾಯಿಬಿಟ್ಟು ಹೇಳಿಸಿಬಿಟ್ರೆ ಮನಸ್ಸು ಹಗುರ ಆಗಲ್ವಾ?

ತಾವಾಗಿ ಹೇಳಿಕೊಂಡರೆ ಆಗಬಹುದು. ನೀವು ಹೇಳಿಸಿದರೆ ಹಾನಿಯಾಗಬಹುದು. ತುರ್ತು ಸೇವೆಯ ಸಿಬ್ಬಂದಿಗಾಗಿ ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಒಂದು ವಿಧಾನ ಮಂಡಿಸಿದರು: ದುರಂತದ ಬೆನ್ನಲ್ಲೇ ಗುಂಪಾಗಿ ಕೂತು, ಕಂಡದ್ದು, ಅನಿಸಿದ್ದನ್ನೆಲ್ಲ ಹೇಳಿಕೊಳ್ಳುವುದು. ಅದು ಎಲ್ಲೆಡೆ ಹರಡಿತು. ಮುಂದೆ ಅಧ್ಯಯನಗಳು ನಡೆದಾಗ, ಹೀಗೆ ಒಂದೇ ಕೂಟದಲ್ಲಿ ಎಲ್ಲ ಹೇಳಿಸುವುದು ಆಘಾತೋತ್ತರ ಕಾಯಿಲೆಯನ್ನು ತಡೆಯುವುದಿಲ್ಲ, ಕೆಲವರಲ್ಲಿ ಹೆಚ್ಚಿಸಲೂಬಹುದು ಎಂದು ಕಂಡಿತು. ಈಗ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಳಸಬೇಡಿ ಎನ್ನುತ್ತದೆ. ಗುಂಪಿನಲ್ಲಿ ಒಬ್ಬರು ವಿವರವಾಗಿ ಹೇಳತೊಡಗಿದರೆ ಪಕ್ಕದವರ ಗಾಯವೂ ಕೆದರುತ್ತದೆ. ‘ನಿಮ್ಮ ಮಾತು ಪೂರ್ತಿ ಕೇಳಬೇಕು, ತರಗತಿ ಮುಗಿದ ಮೇಲೆ ಇಬ್ಬರೇ ಕೂರೋಣ’ ಎಂದು ಮೆಲ್ಲಗೆ ತಡೆಯಿರಿ, ಹಾಗೇ ಕೂರಿ.

‘ಇನ್ನು ಬದುಕಿ ಏನು ಪ್ರಯೋಜನ’ ಅಂತ ಒಬ್ಬರು ಹೇಳಿದ್ರು. ಕೇಳಿದ್ರೆ ಆ ಯೋಚನೆ ಇನ್ನೂ ಹೆಚ್ಚಾಗುತ್ತೇನೋ ಅಂತ ಸುಮ್ಮನಾದೆ. ಸರಿನಾ?

ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಹೇಳಿಕೊಳ್ಳಲು ಕಾಯುತ್ತಿದ್ದವರಿಗೆ ದಾರಿ ಸಿಗುತ್ತದೆ. ಏಕಾಂತದಲ್ಲಿ ಕೂತು ‘ಸಾಯಬೇಕು ಅನಿಸುತ್ತಿದೆಯಾ? ಅದಕ್ಕೆ ಏನಾದರೂ ಯೋಚಿಸಿಕೊಂಡಿದ್ದೀರಾ?’ ಎಂದು ಸ್ಪಷ್ಟವಾಗಿ ಕೇಳಿ. ಯೋಜನೆ ಇದೆ ಎಂದರೆ ಒಂಟಿಯಾಗಿ ಬಿಡಬೇಡಿ, ಅಪಾಯಕಾರಿ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಳ್ಳಿ, ಅವರು ನಂಬುವ ಒಬ್ಬರನ್ನು ಕರೆಸಿ, ಅದೇ ದಿನ ವೈದ್ಯರ ಬಳಿಗೆ ಜತೆಯಲ್ಲೇ ಹೋಗಿ. ವಿಳಾಸ ಬರೆದ ಚೀಟಿ ಕೊಟ್ಟು ಕಳಿಸುವುದು ಸಾಲದು. ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಬೇಡಿ; ಜೀವಕ್ಕೆ ಅಪಾಯವಿದ್ದರೆ ಗೌಪ್ಯತೆ ಮುರಿಯಬೇಕಾಗುತ್ತದೆ ಎಂದು ಮೊದಲ ದಿನವೇ ಎಲ್ಲರಿಗೂ ತಿಳಿಸಿರಬೇಕು. ತುರ್ತಿಗೆ ಕರೆಯುವ ವೈದ್ಯರ ಸಂಖ್ಯೆ, ವಾಹನದ ವ್ಯವಸ್ಥೆ ಆಗದೆ ಕಾರ್ಯಕ್ರಮ ಶುರುಮಾಡಲೇಬಾರದು.

ಜೈಲಿನಲ್ಲಿ ನಡೆಸ್ತೀವಿ. ಅಲ್ಲಿ ಎಲ್ಲರನ್ನೂ ಕರ್ಕೊಂಡು ಬಂದು ಕೂರಿಸ್ತಾರೆ. ಒಪ್ಪಿಗೆ ಅಂತ ಹೇಗೆ ತಿಳಿಯೋದು?

ಕರೆತಂದು ಕೂರಿಸಿದ್ದು ಒಪ್ಪಿಗೆಯಲ್ಲ. ಶುರುವಿಗೆ ಮೊದಲೇ ಅಧಿಕಾರಿಗಳಿಂದ ಮೂರು ಮಾತು ಬರಹದಲ್ಲಿ ಪಡೆಯಿರಿ: ಬಾರದವರಿಗೆ ಶಿಕ್ಷೆಯಿಲ್ಲ, ಹಾಜರಿ ಬಿಡುಗಡೆಯ ನಿರ್ಧಾರಕ್ಕೆ ಸೇರುವುದಿಲ್ಲ, ಒಳಗೆ ಆಡಿದ ಮಾತು ಯಾರ ಕಡತಕ್ಕೂ ಹೋಗುವುದಿಲ್ಲ. ಕಾವಲಿನವರು ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ, ಕಿವಿಗೆ ಕೇಳುವಷ್ಟು ಹತ್ತಿರ ಬೇಡ. ಮೊದಲ ದಿನ ಅರ್ಧದಷ್ಟು ಜನ ಎದ್ದುಹೋದರೂ ಹೋಗಲಿ. ಹೋಗಬಹುದು ಎಂಬ ಮಾತು ನಿಜವೆಂದು ಉಳಿದವರಿಗೆ ಮನವರಿಕೆಯಾಗುವುದು ಹಾಗೆಯೇ.

ಫೋಟೊ ಇಲ್ಲದಿದ್ರೆ ದಾನಿಗಳಿಗೆ ಏನು ತೋರಿಸೋದು?

ಖಾಲಿ ಕೋಣೆ, ಕೂರುವ ಚಾಪೆ, ಮಕ್ಕಳು ಬಿಡಿಸಿದ ಹೆಸರಿಲ್ಲದ ಚಿತ್ರ, ಹಾಜರಿಯ ಅಂಕಿ. ಅಳುವ ಮುಖ ಬೇಡವೇ ಬೇಡ. ನೆರವು ಕೈಯಲ್ಲಿ ಹಿಡಿದು ಕೇಳಿದ ಒಪ್ಪಿಗೆಗೆ ಬೆಲೆಯಿಲ್ಲ, ಇಲ್ಲ ಎನ್ನಲು ಯಾರಿಗೂ ಧೈರ್ಯವಿರುವುದಿಲ್ಲ.

## ಕಾರ್ಯಕ್ರಮ ಕಟ್ಟುವವರಿಗೆ

ನಮ್ಮದು ಆಧ್ಯಾತ್ಮಿಕ ಸಂಸ್ಥೆ. ಪ್ರಾರ್ಥನೆ, ನಮ್ಮ ಗುರುಗಳ ಮಾತು ಸೇರಿಸಬಹುದಾ?

ಪರಿಹಾರ ಕಾರ್ಯದ ತರಗತಿಯಲ್ಲಿ ಸೇರಿಸಬೇಡಿ. 1965ರಲ್ಲಿ ವಿಯೆನ್ನಾದಲ್ಲಿ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಚಳವಳಿ ಒಪ್ಪಿಕೊಂಡ ಏಳು ಮೂಲತತ್ವಗಳಲ್ಲಿ ಮೊದಲಿನವು ಮಾನವೀಯತೆ ಮತ್ತು ನಿಷ್ಪಕ್ಷಪಾತ: ಜಾತಿ, ಮತ, ಪಕ್ಷ ನೋಡದೆ ಅಗತ್ಯವನ್ನಷ್ಟೇ ನೋಡುವುದು. ಆಸರೆಗಾಗಿ ಬಂದವರು ಪ್ರಾರ್ಥನೆಗೂ ಕೂರಬೇಕಾದರೆ ಅದು ಅವರ ಅಸಹಾಯಕತೆಯನ್ನು ಬಳಸಿಕೊಂಡಂತೆ. ಜನರ ಸ್ವಂತ ಶ್ರದ್ಧೆ ಬೇರೆ ಮಾತು. ಅವರ ಶೋಕಾಚರಣೆಗೆ, ಪ್ರಾರ್ಥನೆಗೆ ಜಾಗವನ್ನೂ ಹೊತ್ತನ್ನೂ ಒದಗಿಸಿಕೊಡಿ, ಅದು ದೊಡ್ಡ ಬಲ.

ಉಪಯೋಗ ಆಯ್ತು ಅಂತ ಅಳೆಯೋದು ಹೇಗೆ?

ಮುಗಿದ ತಕ್ಷಣ ‘ಹೇಗನಿಸಿತು?’ ಎಂದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ‘ಡಬ್ಲ್ಯುಎಚ್‌ಒ-5’ ಎಂಬ ಐದು ವಾಕ್ಯಗಳ ಪ್ರಶ್ನಾವಳಿ ಬಳಸಿ. ಕಳೆದ ಎರಡು ವಾರಗಳ ಮನಸ್ಥಿತಿಗೆ ಪ್ರತಿ ವಾಕ್ಯಕ್ಕೂ 0ರಿಂದ 5 ಅಂಕ, ಒಟ್ಟನ್ನು 4ರಿಂದ ಗುಣಿಸಿದರೆ 100ಕ್ಕೆ ಲೆಕ್ಕ ಸಿಗುತ್ತದೆ. 50 ಅಥವಾ ಕಡಿಮೆ ಬಂದವರನ್ನು ಖಿನ್ನತೆ ಇದೆಯೇ ಎಂದು ನೋಡಿಸಬೇಕು. ಶುರುವಿನಲ್ಲಿ, ಕೊನೆಯಲ್ಲಿ, ಮೂರು ತಿಂಗಳ ನಂತರ ಕೇಳಿ. 10 ಅಂಕದ ಬದಲಾವಣೆಯನ್ನು ಸಾಮಾನ್ಯವಾಗಿ ಗಣನೀಯ ಎನ್ನುತ್ತಾರೆ.

ಒಂದು ಎಚ್ಚರಿಕೆ. ಕಾಲ ಕಳೆದಂತೆ ಬಹುಪಾಲು ಜನ ತಾವಾಗಿ ಚೇತರಿಸಿಕೊಳ್ಳುತ್ತಾರೆ, ಹಾಗಾಗಿ ಅಂಕ ಏರಿದ್ದೆಲ್ಲ ನಿಮ್ಮ ತರಗತಿಯ ಫಲವಲ್ಲ. ಎರಡನೇ ತಂಡದ ಸರದಿಗೆ ಕಾಯುತ್ತಿರುವವರ ಅಂಕವನ್ನೂ ಅದೇ ದಿನಗಳಲ್ಲಿ ತೆಗೆದು ಹೋಲಿಸಿ. ನಡುವೆ ಬಿಟ್ಟುಹೋದವರನ್ನು ಹುಡುಕಿ ಕಾರಣ ಕೇಳಿ, ಕಾರ್ಯಕ್ರಮದ ದೋಷ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಎರಡು ವಾರಕ್ಕೆ ನಮ್ಮ ಸ್ವಯಂಸೇವಕರೇ ಕುಸಿದುಹೋಗ್ತಾರೆ. ಏನು ಮಾಡೋದು?

ಕೆಲಸದ ಅವಧಿ ಮಿತಿಯಲ್ಲಿಡಿ, ವಾರಕ್ಕೊಂದು ಪೂರ್ತಿ ರಜೆ ಕಡ್ಡಾಯ ಮಾಡಿ, ಒಬ್ಬರನ್ನೇ ಎಲ್ಲಿಗೂ ಕಳಿಸಬೇಡಿ. ವಾರಕ್ಕೊಮ್ಮೆ ಅನುಭವಿ ಮೇಲ್ವಿಚಾರಕರ ಜತೆ ಕೂಟವಿರಲಿ. ಅದು ತಪ್ಪು ಹುಡುಕುವ ಸಭೆ ಆಗಬಾರದು. ಸರಿಯಾಗಿ ನಿದ್ದೆ ಮಾಡದಿರುವುದು, ರಜೆ ಬೇಡವೆನ್ನುವುದು, ‘ನಾನಿಲ್ಲದೆ ಇಲ್ಲಿ ನಡೆಯಲ್ಲ’ ಎಂಬ ಮಾತು – ಈ ಮೂರು ಕಂಡರೆ ಜವಾಬ್ದಾರಿ ಕೆಲ ದಿನ ಬೇರೆಯವರಿಗೆ ವಹಿಸಿ. ಮನೆಗೆ ಮರಳಿದ ಮೇಲೂ ಒಂದೆರಡು ಸಲ ವಿಚಾರಿಸಿ.

ಅನುದಾನ ಮುಗಿಯುತ್ತೆ, ನಾವು ಹೊರಡ್ತೀವಿ. ಜನರಿಗೆ ಯಾವಾಗ ಹೇಳಬೇಕು?

ಮೊದಲ ದಿನ. ‘ಇಷ್ಟು ವಾರ ಇರುತ್ತೇವೆ’ ಎಂದು ಶುರುವಿನಲ್ಲೇ ಹೇಳಿ, ಮುಗಿಯಲು ಮೂರು ವಾರ ಇರುವಾಗ ಮತ್ತೆ ನೆನಪಿಸಿ. ಈಗಾಗಲೇ ಕಳೆದುಕೊಂಡವರನ್ನು ಹೇಳದೆ ಬಿಟ್ಟುಹೋದರೆ ಮತ್ತೊಂದು ಏಟು ಬಿದ್ದಂತಾಗುತ್ತದೆ. ಎರಡನೇ ವಾರದಿಂದಲೇ ಶಿಬಿರದವರಲ್ಲಿ ಆಸಕ್ತಿಯಿದ್ದ ಮೂರ್ನಾಲ್ಕು ಜನರನ್ನು ಜತೆಗೆ ಕೂರಿಸಿಕೊಂಡು ತರಬೇತಿ ಕೊಡಿ. ಕೊನೆಯ ಎರಡು ತರಗತಿ ಅವರೇ ನಡೆಸಲಿ, ನೀವು ಹಿಂದೆ ಕೂರಿ. ಚಿಕಿತ್ಸೆಯಲ್ಲಿರುವವರ ವಿವರವನ್ನು ಅವರ ಒಪ್ಪಿಗೆ ಪಡೆದು ಸ್ಥಳೀಯ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ, ಉಳಿದ ಕಾಗದಗಳನ್ನು ನಾಶಮಾಡಿ. ಹೊರಡುವ ಮೊದಲು ಆರೋಗ್ಯ ಕೇಂದ್ರದವರನ್ನು ಶಿಬಿರಕ್ಕೆ ಕರೆತಂದು, ಅವರ ಮುಖ ಪರಿಚಯ ಮಾಡಿಸಿ.